ಯಾವ ಕ್ಲೌಡ್ ಯಾರಿಗೆ? ಗಡಿನಾಡಿನ ಅಂಗಡಿ, ಸಂಘಗಳ ಮುಂದಿರುವ ಪ್ರಶ್ನೆ

ಕಾಸರಗೋಡು: ಜನನ ಪ್ರಮಾಣಪತ್ರದಿಂದ ಹಿಡಿದು ಕಟ್ಟಡ ಪರವಾನಿಗೆಯ ತನಕ ಪಂಚಾಯತಿನ ಕೆಲಸಗಳು ಒಂದೊಂದಾಗಿ ಗಣಕಯಂತ್ರದ ಪರದೆಗೆ ಬಂದಿವೆ. ಇನ್ಫರ್ಮೇಶನ್ ಕೇರಳ ಮಿಷನ್ ರೂಪಿಸಿದ ಕೆ-ಸ್ಮಾರ್ಟ್ ವ್ಯವಸ್ಥೆ 2024ರ ಜನವರಿ 1ರಂದು ರಾಜ್ಯದ ನಗರಸಭೆ ಮತ್ತು ಮಹಾನಗರಪಾಲಿಕೆಗಳಲ್ಲಿ ಆರಂಭವಾಯಿತು. 2025ರಲ್ಲಿ ಅದು ಗ್ರಾಮ ಪಂಚಾಯತುಗಳಿಗೂ ವಿಸ್ತರಿಸಿತು. ಸರಕಾರದ ಕಡತಗಳೇ ದೂರದ ಸರ್ವರಿಗೆ ಹೋದ ಮೇಲೆ ಅಂಗಡಿಯ ಲೆಕ್ಕ, ಸಹಕಾರಿ ಸಂಘದ ಲೆಡ್ಜರ್ ಏಕೆ ಹೋಗಬಾರದು ಎಂಬ ಮಾತು ಸಹಜವಾಗಿಯೇ ಬಂದಿದೆ.

ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದಂತಹ ಪೇಟೆಗಳಲ್ಲಿ ಬಿಲ್ಲಿಂಗ್ ತಂತ್ರಾಂಶ ಕೊಳ್ಳಲು ಹೊರಟವರಿಗೆ ಇಂದು ಸಿಗುವ ಸಲಹೆ ಒಂದೇ: 'ಎಲ್ಲವನ್ನೂ ಕ್ಲೌಡಿಗೆ ಹಾಕಿ.' ಯಾವ ಬಗೆಯ ಕ್ಲೌಡ್, ಯಾರಿಗೆ ಯಾವುದು ಸರಿ ಎಂದು ಬಿಡಿಸಿ ಹೇಳುವವರು ಕಡಿಮೆ. ತಿಂಗಳ ಚಂದಾ ಎಷ್ಟು ಎಂಬುದಷ್ಟೇ ಚರ್ಚೆಯಾಗುತ್ತದೆ. ಆದರೆ ಅದು ಎರಡನೆಯ ಪ್ರಶ್ನೆ. ಲೈನ್ ಹೋದ ದಿನ, ಅಥವಾ ಸೇವೆ ಕೊಡುವ ಕಂಪೆನಿಯೇ ನಿಂತುಹೋದ ದಿನ ಲೆಕ್ಕ ಯಾರ ಕೈಯಲ್ಲಿರುತ್ತದೆ, ಅದನ್ನು ಮರಳಿ ಪಡೆಯಲು ಎಷ್ಟು ಹೊತ್ತು ಬೇಕು ಎಂಬುದೇ ಮೊದಲ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕಿದರೆ ಯಾವ ಕ್ಲೌಡ್ ಎಂಬುದಕ್ಕೂ ಉತ್ತರ ಸಿಕ್ಕಿದಂತೆ.

ಅಟ್ಟ, ಗೋದಾಮು ಮತ್ತು ಕ್ಲೌಡ್

ಕ್ಲೌಡ್ ಎಂದರೆ ಮೋಡ. ಹೆಸರು ಆಕಾಶದ್ದಾದರೂ ಮಾಹಿತಿ ಇರುವುದು ನೆಲದ ಮೇಲೆಯೇ. ಎಲ್ಲೋ ಒಂದು ಕಟ್ಟಡದಲ್ಲಿ ಸಾವಿರಾರು ಸರ್ವರ್‌ಗಳು, ಅವನ್ನು ತಂಪಾಗಿಡುವ ಯಂತ್ರಗಳು, ಜನರೇಟರ್‌ಗಳು, ಕಾವಲುಗಾರರು ಇರುತ್ತಾರೆ. ಅಂತರಜಾಲದ ಮೂಲಕ ಆ ಸರ್ವರ್‌ಗಳನ್ನು ಬಾಡಿಗೆಗೆ ಬಳಸುವುದೇ ಕ್ಲೌಡ್ ಸೇವೆ. ಅಮೆಜಾನ್ 2016ರಲ್ಲಿ ಮುಂಬಯಿಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಇಂತಹ ಕೇಂದ್ರ ಸಮೂಹಗಳನ್ನು ತೆರೆಯಿತು. ಮೈಕ್ರೋಸಾಫ್ಟ್ 2015ರಿಂದ, ಗೂಗಲ್ 2017ರಿಂದ ಭಾರತದೊಳಗಿನಿಂದಲೇ ಸೇವೆ ಕೊಡುತ್ತಿವೆ.

ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2011ರಲ್ಲಿ ಕೊಟ್ಟ ವಿವರಣೆಯನ್ನೇ ಇಂದಿಗೂ ಎಲ್ಲೆಡೆ ಬಳಸಲಾಗುತ್ತಿದೆ. ಅದರಂತೆ ಕ್ಲೌಡ್ ನಾಲ್ಕು ಬಗೆ: ಸಾರ್ವಜನಿಕ, ಖಾಸಗಿ, ಸಮುದಾಯ ಮತ್ತು ಮಿಶ್ರ. ಅಡಿಕೆ ಬೆಳೆಗಾರರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಸುಲಿದ ಅಡಿಕೆಯನ್ನು ಸ್ವಂತ ಮನೆಯ ಅಟ್ಟದಲ್ಲಿ ಇಡಬಹುದು, ಅದು ಖಾಸಗಿ. ಪೇಟೆಯಲ್ಲಿ ಬಾಡಿಗೆ ಗೋದಾಮಿನಲ್ಲಿ, ಹತ್ತಾರು ಜನರ ಮೂಟೆಗಳ ನಡುವೆ ಇಡಬಹುದು, ಅದು ಸಾರ್ವಜನಿಕ. ಬೆಳೆಗಾರರೇ ಸೇರಿ ಕಟ್ಟಿಕೊಂಡ ಸಂಘದ ಗೋದಾಮಿನಲ್ಲಿ ಇಡಬಹುದು, ಅದು ಸಮುದಾಯ. ಸ್ವಲ್ಪ ಅಟ್ಟದಲ್ಲಿ, ಉಳಿದದ್ದು ಗೋದಾಮಿನಲ್ಲಿ ಎಂದರೆ ಮಿಶ್ರ. ಗೋದಾಮು ಯಾವುದೇ ಇರಲಿ, ಬೆಳೆಗಾರ ಮೊದಲು ನೋಡುವುದು ರಶೀದಿಯನ್ನು: ಬೇಕಾದಾಗ ತನ್ನ ಮೂಟೆ ತನಗೆ ಮರಳಿ ಸಿಗುತ್ತದೆಯೇ ಎಂದು.

ಇನ್ನೊಂದು ವಿಂಗಡಣೆಯೂ ಇದೆ. ಸರ್ವರ್ ಮಾತ್ರ ಬಾಡಿಗೆಗೆ ಪಡೆದು ಉಳಿದದ್ದನ್ನೆಲ್ಲ ತಾವೇ ನೋಡಿಕೊಳ್ಳುವುದು ಒಂದು. ತಂತ್ರಾಂಶ ಕಟ್ಟಲು ಬೇಕಾದ ತಳಹದಿಯನ್ನು ಪಡೆಯುವುದು ಇನ್ನೊಂದು. ಸಿದ್ಧ ತಂತ್ರಾಂಶವನ್ನೇ ತಿಂಗಳ ಚಂದಾ ಕೊಟ್ಟು ಬಳಸುವುದು ಮೂರನೆಯದು. ಕಂಪ್ಯೂಟರ್ ತಿಳಿದ ನೌಕರನಿಲ್ಲದ ಸಣ್ಣ ಉದ್ಯಮಕ್ಕೆ ಒಗ್ಗುವುದು ಈ ಮೂರನೆಯದೇ. ಬರಿಯ ಸರ್ವರ್ ಬಾಡಿಗೆಗೆ ಪಡೆದರೆ ಅದರ ಬೀಗ, ಕಾವಲು, ಪ್ರತಿ ತೆಗೆಯುವ ಕೆಲಸ ಎಲ್ಲವೂ ಪಡೆದವರ ಮೇಲೆಯೇ ಬೀಳುತ್ತದೆ.

ಅಂಗಡಿಗೆ ಸಾರ್ವಜನಿಕ ಕ್ಲೌಡ್ ಸಾಕು, ಆದರೆ...

ಪೆರ್ಲ ಅಥವಾ ಬಾಯಾರಿನ ಒಂದು ದಿನಸಿ ಅಂಗಡಿಯನ್ನೋ ಯಂತ್ರದ ಬಿಡಿಭಾಗಗಳ ಅಂಗಡಿಯನ್ನೋ ತೆಗೆದುಕೊಳ್ಳೋಣ. ಒಂದೋ ಎರಡೋ ಕಂಪ್ಯೂಟರ್, ದಿನಕ್ಕೆ ನೂರಿನ್ನೂರು ಬಿಲ್ಲು. ಇಂತಹವರಿಗೆ ಸ್ವಂತ ಸರ್ವರ್ ದಂಡ. ಸಾರ್ವಜನಿಕ ಕ್ಲೌಡಿನಲ್ಲಿರುವ ಸಿದ್ಧ ತಂತ್ರಾಂಶವೇ ಸಾಕು. ಕಂಪ್ಯೂಟರ್ ಸಿಡಿಲಿಗೆ ಸುಟ್ಟರೂ ಲೆಕ್ಕ ಉಳಿಯುತ್ತದೆ. ಮಾಲಕರು ಕಾಸರಗೋಡಿನಲ್ಲಿದ್ದರೂ ದುಬಾಯಿಯಲ್ಲಿದ್ದರೂ ಆ ದಿನದ ವ್ಯಾಪಾರ ನೋಡಬಹುದು.

ಆದರೆ ಆಯ್ಕೆಗೆ ಮುನ್ನ ಮೂರು ಸಂಗತಿಗಳನ್ನು ನೋಡಲೇಬೇಕು. ಮೊದಲನೆಯದು, ಅಂತರಜಾಲ ಇಲ್ಲದಾಗಲೂ ಬಿಲ್ಲು ಬರೆಯುವಂತಿರಬೇಕು. ಬಿಲ್ಲುಗಳನ್ನು ಕಂಪ್ಯೂಟರಿನಲ್ಲೇ ಉಳಿಸಿಕೊಂಡು ಲೈನ್ ಬಂದಾಗ ಕ್ಲೌಡಿಗೆ ಕಳಿಸುವ ತಂತ್ರಾಂಶಗಳಿವೆ. ಬ್ರೌಸರಿನಲ್ಲಿ ಮಾತ್ರ ತೆರೆಯುವಂತಹವು ಲೈನ್ ಹೋದೊಡನೆ ನಿಲ್ಲುತ್ತವೆ. ಮಳೆಗಾಲದ ಜಿಲ್ಲೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಎರಡನೆಯದು, ಚಂದಾ ನಿಲ್ಲಿಸಿದ ಮೇಲೆ ಲೆಕ್ಕದ ಗತಿ. ಜಿಎಸ್‌ಟಿ ಕಾಯ್ದೆಯ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು, ಅಂದರೆ ಆರು ವರ್ಷ, ಲೆಕ್ಕಪತ್ರ ಇಟ್ಟುಕೊಳ್ಳಬೇಕು. ಎರಡು ವರ್ಷ ಬಳಸಿ ತಂತ್ರಾಂಶ ಬದಲಿಸಿದವರಿಗೆ ಹಳೆಯ ಲೆಕ್ಕ ತೆರೆಯದಿದ್ದರೆ ತೆರಿಗೆ ಅಧಿಕಾರಿಯ ಮುಂದೆ ಕಂಪೆನಿಯ ಹೆಸರು ಹೇಳಿ ಪಾರಾಗಲು ಆಗದು. ಪ್ರತಿ ತಿಂಗಳ ಕೊನೆಗೆ ಬಿಲ್ಲುಗಳ ಪಟ್ಟಿಯನ್ನು ಎಕ್ಸೆಲ್ ಅಥವಾ ಪಿಡಿಎಫ್ ರೂಪದಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ಇಡುವುದು ಅರ್ಧ ಗಂಟೆಯ ಕೆಲಸ.

ಮೂರನೆಯದು, ಬೀಗದ ಕೈ. ಖಾತೆ ತೆರೆಯುವಾಗ ಕೊಡುವ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಮಾಲಕರದ್ದೇ ಆಗಿರಬೇಕು. ಅಂಗಡಿಯ ಹುಡುಗನ ಅಥವಾ ಲೆಕ್ಕ ಬರೆಯುವವರ ಸಂಖ್ಯೆ ಕೊಟ್ಟರೆ ಅವರು ಕೆಲಸ ಬಿಟ್ಟ ದಿನ ಒಟಿಪಿಯೂ ಅವರೊಂದಿಗೆ ಹೋಗುತ್ತದೆ.

ಸಹಕಾರಿ ಸಂಘದ ಲೆಕ್ಕವೇ ಬೇರೆ

ಅಂಗಡಿಯ ಬಿಲ್ಲು ಹೋದರೆ ನಷ್ಟ ಮಾಲಕರಿಗೆ. ಸೇವಾ ಸಹಕಾರಿ ಬ್ಯಾಂಕಿನ ಲೆಡ್ಜರ್ ಹೋದರೆ ನಷ್ಟ ಸಾವಿರಾರು ಸದಸ್ಯರಿಗೆ. ಚಿನ್ನ ಅಡವಿಟ್ಟವರು, ಮಗಳ ಮದುವೆಗೆಂದು ಠೇವಣಿ ಇಟ್ಟವರು, ಬೆಳೆ ಸಾಲ ಪಡೆದವರು ಎಲ್ಲರ ಲೆಕ್ಕ ಅಲ್ಲಿದೆ. ಹೀಗಾಗಿ ಸಂಘದ ಆಯ್ಕೆ ಅಂಗಡಿಯ ಆಯ್ಕೆಯಂತಿರಲು ಸಾಧ್ಯವಿಲ್ಲ.

ಒಂದೇ ಬಗೆಯ ಕೆಲಸ, ಒಂದೇ ಬಗೆಯ ಕಾನೂನು ಇರುವ ಸಂಸ್ಥೆಗಳು ಸೇರಿ ಹಂಚಿಕೊಳ್ಳುವ ಸಮುದಾಯ ಕ್ಲೌಡ್ ಇವರಿಗಾಗಿಯೇ ಹೇಳಿಸಿದಂತಿದೆ. ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಅದರ ತಿರುಳಾಗಿದ್ದುದು ಕ್ಲೌಡ್ ಆಧಾರಿತ ಸಾಮಾನ್ಯ ತಂತ್ರಾಂಶವೇ. ಕೇರಳದ ಸಂಘಗಳು ಇತರೆಡೆಯ ಸಂಘಗಳಿಗಿಂತ ಹೆಚ್ಚು ಬ್ಯಾಂಕ್ ಕೆಲಸ ಮಾಡುವುದರಿಂದ ರಾಜ್ಯದ್ದೇ ಏಕರೂಪ ತಂತ್ರಾಂಶ ಬೇಕೆಂಬ ವಾದವೂ ಇದೆ. 2021ರಲ್ಲಿ ತೃಶೂರು ಜಿಲ್ಲೆಯ ಕರುವನ್ನೂರು ಸಹಕಾರಿ ಬ್ಯಾಂಕಿನ ಸಾಲ ವಂಚನೆ ಬಯಲಾದ ಬಳಿಕ, ಸಂಘದ ಲೆಕ್ಕವನ್ನು ಹೊರಗಿನಿಂದಲೂ ಪರಿಶೀಲಿಸುವಂತಿರಬೇಕು ಎಂಬ ಒತ್ತಾಯ ಬಲವಾಯಿತು. ಹಂಚಿಕೊಂಡ ವ್ಯವಸ್ಥೆಗೆ ಇದು ಇನ್ನೊಂದು ಸಮರ್ಥನೆ.

ಆದರೆ ಹಂಚಿಕೊಂಡದ್ದರಲ್ಲಿ ಅಪಾಯವೂ ಹಂಚಿಕೆಯಾಗುತ್ತದೆ. 2024ರ ಜುಲೈ ಕೊನೆಯ ವಾರ ನಡೆದ ಘಟನೆಯನ್ನು ಸಹಕಾರಿ ರಂಗ ಮರೆಯುವಂತಿಲ್ಲ. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಸಂಸ್ಥೆಯ ವ್ಯವಸ್ಥೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ನಡೆಯಿತು. ಮಾಹಿತಿಗೆ ಬೀಗ ಜಡಿದು ಹಣ ಕೇಳುವ ದಾಳಿ ಇದು. ಸೋಂಕು ಹರಡದಂತೆ ರಾಷ್ಟ್ರೀಯ ಪಾವತಿ ನಿಗಮ ಜುಲೈ 31ರಂದು ಆ ಸಂಸ್ಥೆಯನ್ನು ತನ್ನ ಪಾವತಿ ಜಾಲದಿಂದ ಪ್ರತ್ಯೇಕಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂನಂತಹ ಸೇವೆಗಳು ತಾತ್ಕಾಲಿಕವಾಗಿ ಇಲ್ಲವಾದವು. ಮರುದಿನ ಸಂಪರ್ಕ ಮರಳಿತು. ದೇಶದ ಒಟ್ಟು ಪಾವತಿಯಲ್ಲಿ ಈ ಬ್ಯಾಂಕುಗಳ ಪಾಲು ಸಣ್ಣದು. ಆದರೆ ಆ ದಿನ ಹಣ ತೆಗೆಯಲು ಬಂದ ಹಳ್ಳಿಯವರ ಪಾಲಿಗೆ ಅದೇ ಇಡೀ ಬ್ಯಾಂಕು.

ಇದರಿಂದ ಸಮುದಾಯ ಕ್ಲೌಡ್ ಬೇಡ ಎಂದಾಗುವುದಿಲ್ಲ. ಒಂದೊಂದು ಸಂಘ ಒಂದೊಂದು ಹಳೆಯ ಸರ್ವರನ್ನು ಕೋಣೆಯ ಮೂಲೆಯಲ್ಲಿಟ್ಟು ಕಾಯುವುದು ಅದಕ್ಕಿಂತ ಹೆಚ್ಚು ಅಪಾಯಕರ. ಕಲಿಯಬೇಕಾದ ಪಾಠ ಬೇರೆ: ಹಂಚಿಕೊಂಡ ವ್ಯವಸ್ಥೆಗೆ ಸೇರುವಾಗ ಪ್ರತಿ ಸಂಜೆಯ ಬಾಕಿಗಳ ಪಟ್ಟಿಯ ಒಂದು ಪ್ರತಿ ಸಂಘದ ಕಟ್ಟಡದಲ್ಲೇ, ಜಾಲಕ್ಕೆ ತಾಗದಂತೆ ಇರಬೇಕು. ಮರುದಿನ ಪರದೆ ಕಪ್ಪಾದರೂ ಯಾರ ಖಾತೆಯಲ್ಲಿ ಎಷ್ಟಿತ್ತು ಎಂದು ಕಾರ್ಯದರ್ಶಿಗೆ ಹೇಳಲು ಸಾಧ್ಯವಾಗಬೇಕು.

ಸ್ವಂತದ್ದು ಎಂದರೆ ಸುರಕ್ಷಿತವೇ?

'ನಮ್ಮದು ನಮ್ಮ ಹತ್ತಿರವೇ ಇರಲಿ' ಎನ್ನುವವರು ಖಾಸಗಿ ಕ್ಲೌಡ್ ಅಥವಾ ಸ್ವಂತ ಸರ್ವರ್ ಕಡೆ ಒಲಿಯುತ್ತಾರೆ. ಆಸ್ಪತ್ರೆಗಳು, ಹಲವು ಶಾಖೆಗಳ ಸಂಸ್ಥೆಗಳು, ದೊಡ್ಡ ಸಹಕಾರಿಗಳಿಗೆ ಇದಕ್ಕೆ ಕಾರಣವೂ ಇರಬಹುದು. ಆದರೆ ಸ್ವಂತದ್ದು ಎಂಬ ಮಾತ್ರಕ್ಕೆ ಸುರಕ್ಷಿತವಲ್ಲ.

ದಕ್ಷಿಣ ಕೊರಿಯಾ ಮಾಹಿತಿ ತಂತ್ರಜ್ಞಾನದಲ್ಲಿ ಹಿಂದುಳಿದ ದೇಶವಲ್ಲ. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ತಗಲಿ 709 ಸರಕಾರಿ ಸೇವೆಗಳು ನಿಂತವು. ಸರಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್ ಎಂಬ ಸಂಗ್ರಹದ 858 ಟೆರಾಬೈಟ್ ಮಾಹಿತಿ ನಾಶವಾಯಿತು. ಅದಕ್ಕೆ ಹೊರಗೆ ಎಲ್ಲಿಯೂ ಪ್ರತಿ ಇರಲಿಲ್ಲ. ಸರಕಾರದ ಸ್ವಂತ ಕಟ್ಟಡ, ಸ್ವಂತ ಸರ್ವರ್ ಎಲ್ಲ ಇದ್ದೂ ಇನ್ನೊಂದು ಊರಿನಲ್ಲಿ ಇನ್ನೊಂದು ಪ್ರತಿ ಇಲ್ಲದ್ದೇ ಮುಳುವಾಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆ ಆಸ್ಟ್ರೇಲಿಯಾದ ಯುನಿಸೂಪರ್ ಎಂಬ ಪಿಂಚಣಿ ನಿಧಿಯದು. ಐದು ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಈ ನಿಧಿ ಗೂಗಲ್ ಕ್ಲೌಡಿನಲ್ಲಿತ್ತು. 2024ರ ಮೇ ತಿಂಗಳಲ್ಲಿ ಹೊಂದಾಣಿಕೆಯ ಒಂದು ತಪ್ಪಿನಿಂದ ಅದರ ಚಂದಾ ಖಾತೆಯೇ ಅಳಿಸಿಹೋಯಿತು. ಎರಡು ಕಡೆ ಪ್ರತಿ ಇತ್ತಾದರೂ ಎರಡೂ ಅದೇ ಖಾತೆಯೊಳಗೆ ಇದ್ದುದರಿಂದ ಎರಡೂ ಹೋದವು. ಮುಂದಾಲೋಚನೆಯಿಂದ ಬೇರೊಂದು ಕಂಪೆನಿಯಲ್ಲಿ ಇಟ್ಟಿದ್ದ ಪ್ರತಿ ನಿಧಿಯನ್ನು ಉಳಿಸಿತು. ಸದಸ್ಯರು ಕೆಲವು ದಿನ ಖಾತೆ ನೋಡಲಾಗದೆ ಪರದಾಡಿದರೂ ಲೆಕ್ಕ ಮರಳಿ ಬಂತು.

ತಾಂತ್ರಿಕ ತಪ್ಪು ಮಾತ್ರವಲ್ಲ, ದೂರದ ರಾಜಕೀಯವೂ ಬಾಗಿಲು ಮುಚ್ಚಿಸಬಹುದು. ಯುರೋಪಿಯನ್ ಒಕ್ಕೂಟದ ನಿರ್ಬಂಧದ ಬಳಿಕ 2025ರ ಜುಲೈಯಲ್ಲಿ ಭಾರತದ ನಯಾರಾ ಎನರ್ಜಿ ಕಂಪೆನಿಗೆ ಮೈಕ್ರೋಸಾಫ್ಟ್ ತನ್ನ ಸೇವೆ ತಡೆಹಿಡಿಯಿತು. ಕಂಪೆನಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ಅದೇ ತಿಂಗಳು ಸೇವೆ ಮರಳಿತು. ಅಷ್ಟು ದೊಡ್ಡ ಕಂಪೆನಿಗೆ ನ್ಯಾಯಾಲಯಕ್ಕೆ ಹೋಗುವ ಶಕ್ತಿ ಇತ್ತು. ಗಡಿಯ ಹಳ್ಳಿಯ ಉದ್ಯಮಕ್ಕೆ ಇರುವ ಶಕ್ತಿ ತನ್ನ ಬಳಿಯ ಪ್ರತಿ ಮಾತ್ರ.

ಈ ಕಾರಣದಿಂದಲೇ ಮಧ್ಯಮ ಗಾತ್ರದ ಹೆಚ್ಚಿನ ಉದ್ಯಮಗಳಿಗೆ ಮಿಶ್ರ ವಿಧಾನವೇ ಹಿತ. ದಿನದ ಕೆಲಸ ಕ್ಲೌಡಿನಲ್ಲಿ, ಒಂದು ಪ್ರತಿ ಸ್ಥಳದಲ್ಲಿ, ಇನ್ನೊಂದು ಪ್ರತಿ ಬೇರೆ ಕಂಪೆನಿಯಲ್ಲಿ ಅಥವಾ ಬೇರೆ ಊರಿನಲ್ಲಿ.

ಒಂದೇ ಕಂಬ, ಎರಡು ತಂತಿ

ಬೆಂಗಳೂರು, ಕೊಚ್ಚಿಯ ಕಂಪೆನಿಗಳಿಗೆ ಬರೆದ ಸಲಹೆಯನ್ನು ಕಾಸರಗೋಡಿಗೆ ಹಾಗೆಯೇ ತರುವಂತಿಲ್ಲ. 2023ರ ಜೂನ್ 5ರಂದು ಉದ್ಘಾಟನೆಯಾದ ಕೆ-ಫೋನ್ ಯೋಜನೆ 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ, 30,000 ಸರಕಾರಿ ಕಚೇರಿಗಳಿಗೆ ಜಾಲ ಎಂಬ ಗುರಿಯೊಂದಿಗೆ ಬಂತು. ಅದರ ಕೇಬಲ್ ಎಳೆದದ್ದು ವಿದ್ಯುತ್ ಮಂಡಳಿಯ ಕಂಬಗಳನ್ನು ಬಳಸಿಯೇ. ಖಾಸಗಿ ಕೇಬಲ್‌ಗಳೂ ಹಲವೆಡೆ ಕಂಬದಲ್ಲೇ ಇವೆ. ಜೂನ್ ಗಾಳಿಗೆ ಮರ ಬಿದ್ದರೆ ಕರೆಂಟೂ ಲೈನೂ ಒಟ್ಟಿಗೇ ಹೋಗುತ್ತವೆ. ಮನೆಯಲ್ಲಿ ಇನ್‌ವರ್ಟರ್ ಇದ್ದ ಮಾತ್ರಕ್ಕೆ ಕ್ಲೌಡ್ ತೆರೆಯದು. ಎರಡನೆಯ ದಾರಿಯಾಗಿ ಬೇರೆ ಕಂಪೆನಿಯ ಮೊಬೈಲ್ ಸಂಪರ್ಕ ಇಟ್ಟುಕೊಳ್ಳುವುದು ಅಗತ್ಯ. ಗಡಿಯ ಹಳ್ಳಿಗಳಲ್ಲಿ ಯಾವ ಕಂಪೆನಿಯ ಟವರ್ ಗಟ್ಟಿ ಎಂಬುದು ಗುಡ್ಡದಿಂದ ಗುಡ್ಡಕ್ಕೆ ಬದಲಾಗುವುದರಿಂದ ಕೊಳ್ಳುವ ಮೊದಲು ಅಂಗಡಿಯಲ್ಲೇ ಪರೀಕ್ಷಿಸಬೇಕು.

ಕಂಪೆನಿಗಳ ಭರವಸೆಯ ಲೆಕ್ಕವನ್ನೂ ತಿಳಿದಿರಬೇಕು. ಶೇಕಡಾ 99.9ರಷ್ಟು ಸಮಯ ಸೇವೆ ಇರುತ್ತದೆ ಎಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಇರದಿರಬಹುದು. ಶೇಕಡಾ 99.5 ಎಂದರೆ ಸುಮಾರು 44 ಗಂಟೆ. ಇದು ಅವರ ಕಡೆಯ ಲೆಕ್ಕ ಮಾತ್ರ. ನಮ್ಮ ಕಂಬದ ಲೆಕ್ಕ ಇದಕ್ಕೆ ಸೇರಿಲ್ಲ. ಮರಳಿ ಪಡೆಯುವ ವೇಗವೂ ಮುಖ್ಯ. ಸೆಕೆಂಡಿಗೆ 20 ಮೆಗಾಬಿಟ್ ವೇಗದ ಲೈನಿನಲ್ಲಿ 100 ಗಿಗಾಬೈಟ್ ಮಾಹಿತಿ ಇಳಿಸಿಕೊಳ್ಳಲು, ಲೈನ್ ಒಮ್ಮೆಯೂ ಕಡಿಯದಿದ್ದರೆ, 11 ಗಂಟೆ ಬೇಕು.

ಗಡಿಯ ವ್ಯಾಪಾರಕ್ಕೆ ಇನ್ನೊಂದು ತೊಡಕು ತೆರಿಗೆಯದು. ಕೇರಳದ ಜಿಎಸ್‌ಟಿ ಸಂಖ್ಯೆ 32ರಿಂದ, ಕರ್ನಾಟಕದ್ದು 29ರಿಂದ ಆರಂಭ. ಅಡ್ಯನಡ್ಕ, ವಿಟ್ಲ, ಜಾಲ್ಸೂರು ಪೇಟೆಗಳಿಗೆ ಸರಕು ಕಳಿಸುವವರ ಬಿಲ್ಲಿನಲ್ಲಿ ರಾಜ್ಯ ತೆರಿಗೆಯ ಬದಲು ಐಜಿಎಸ್‌ಟಿ ಬರಬೇಕು. ಹೊರರಾಜ್ಯಕ್ಕೆ ಹೋಗುವ ಸರಕು 50,000 ರೂಪಾಯಿ ಮೀರಿದರೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು. ತಂತ್ರಾಂಶ ಇದನ್ನು ತಾನಾಗಿ ಮಾಡುತ್ತದೆಯೇ ಎಂದು ಒಂದು ಬಿಲ್ಲು ಬರೆಸಿ ನೋಡಬೇಕು. ಇ-ವೇ ಬಿಲ್ಲನ್ನು ಸರಕಾರದ ಜಾಲತಾಣದಲ್ಲಿ ನೇರವಾಗಿಯೂ ಮಾಡಬಹುದು. ಅದರ ಗುಪ್ತಪದ ಮಾಲಕರ ಬಳಿ ಇದ್ದರೆ ಬಿಲ್ಲಿಂಗ್ ಕ್ಲೌಡ್ ನಿಂತ ದಿನವೂ ಲಾರಿ ನಿಲ್ಲಬೇಕಾಗಿಲ್ಲ.

ಭಾಷೆಯ ಪ್ರಶ್ನೆಯನ್ನು ಕಡೆಗಣಿಸುವಂತಿಲ್ಲ. ಸಪ್ತಭಾಷೆಗಳ ಈ ನಾಡಿನಲ್ಲಿ ಸಂಘಗಳ ಹಳೆಯ ದಾಖಲೆಗಳು ಕನ್ನಡದಲ್ಲಿವೆ, ಮಲೆಯಾಳದಲ್ಲಿಯೂ ಇವೆ. ಯುನಿಕೋಡ್ ಬರುವ ಮೊದಲಿನ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತಗಳನ್ನು ಹಾಗೆಯೇ ಕ್ಲೌಡಿಗೆ ಏರಿಸಿದರೆ ಅಕ್ಷರಗಳ ಬದಲು ಅರ್ಥವಿಲ್ಲದ ಗೆರೆಗಳು ಕಾಣಿಸುತ್ತವೆ. ಹೆಸರು ಹುಡುಕಿದರೆ ಸಿಗದು. ಏರಿಸುವ ಮೊದಲೇ ಯುನಿಕೋಡಿಗೆ ಪರಿವರ್ತಿಸಿ, ಹತ್ತಿಪ್ಪತ್ತು ಹೆಸರು ಹುಡುಕಿ ನೋಡಬೇಕು. ಸದಸ್ಯರಿಗೆ ಹೋಗುವ ರಶೀದಿ, ಸಂದೇಶಗಳು ಎರಡೂ ಭಾಷೆಗಳಲ್ಲಿ ಬರುತ್ತವೆಯೇ ಎಂದು ಒಪ್ಪಂದಕ್ಕೆ ಮೊದಲೇ ಕೇಳಬೇಕು. ಆಮೇಲೆ ಕೇಳಿದರೆ ಅದು ಹೆಚ್ಚುವರಿ ಖರ್ಚಾಗುತ್ತದೆ.

ಅಗ್ಗದ ಲೆಕ್ಕ, ಹೊಣೆಯ ಲೆಕ್ಕ

ತಿಂಗಳಿಗೆ 1,000 ರೂಪಾಯಿ ಚಂದಾ ಎಂದಿಟ್ಟುಕೊಳ್ಳೋಣ. ಶೇಕಡಾ 18 ಜಿಎಸ್‌ಟಿ ಸೇರಿ 1,180. ಐದು ವರ್ಷಕ್ಕೆ 70,800 ರೂಪಾಯಿ. ಒಂದು ಒಳ್ಳೆಯ ಕಂಪ್ಯೂಟರ್ ಮತ್ತು ಒಮ್ಮೆ ಹಣ ಕೊಟ್ಟು ಕೊಳ್ಳುವ ತಂತ್ರಾಂಶದ ಬೆಲೆಯನ್ನು ಇದರ ಪಕ್ಕ ಇಟ್ಟು ನೋಡಬೇಕು. ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ವ್ಯಾಪಾರಿಗೆ ಆ ಶೇಕಡಾ 18 ಮರಳಿ ಸಿಗದು. ಆ ಯೋಜನೆಯಲ್ಲಿರುವವರು ಹೊರರಾಜ್ಯಕ್ಕೆ ಸರಕು ಮಾರುವಂತೆಯೂ ಇಲ್ಲದ್ದರಿಂದ ಅವರಿಗೆ ದೊಡ್ಡ ತಂತ್ರಾಂಶದ ಅಗತ್ಯವೂ ಕಡಿಮೆ. ಒಂದೇ ಕಂಪ್ಯೂಟರಿನ ಅಂಗಡಿಗೆ, ತಪ್ಪದೆ ಪ್ರತಿ ತೆಗೆದಿಡುವ ಶಿಸ್ತು ಇದ್ದರೆ, ಕ್ಲೌಡ್ ಬೇಡವೇ ಬೇಡ ಎಂಬುದೂ ಸರಿಯಾದ ಆಯ್ಕೆಯೇ.

ಹೊಣೆಯ ವಿಚಾರದಲ್ಲಿ ಕಾನೂನು ಬಿಗಿಯಾಗುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕರ್ತವ್ಯಗಳ ಪಾಲನೆಗೆ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಈ ಕಾಯ್ದೆಯ ಮುಖ್ಯ ಅಂಶವೆಂದರೆ ಗ್ರಾಹಕರ ಮಾಹಿತಿಯನ್ನು ಬೇರೆ ಕಂಪೆನಿಯ ಕೈಗೆ ಕೊಟ್ಟರೂ ಹೊಣೆ ಸಂಗ್ರಹಿಸಿದವರದ್ದೇ. ಸೂಕ್ತ ಭದ್ರತೆ ಇಲ್ಲದೆ ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಸಣ್ಣ ಸಂಘಕ್ಕೆ ಅಷ್ಟು ದಂಡ ಬೀಳಲಿಕ್ಕಿಲ್ಲ. ಆದರೆ 'ಅದು ಕ್ಲೌಡಿನವರ ತಪ್ಪು' ಎಂಬ ಉತ್ತರ ಇನ್ನು ನಡೆಯದು.

ಸಹಿ ಹಾಕುವ ಮುನ್ನ

ಆಡಳಿತ ಮಂಡಳಿಯೋ ಮಾಲಕರೋ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಈ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯುವುದು ಒಳ್ಳೆಯದು.

1. ನಮ್ಮ ಮಾಹಿತಿ ಯಾವ ಊರಿನ ಕೇಂದ್ರದಲ್ಲಿದೆ? ಎರಡನೆಯ ಪ್ರತಿ ಎಲ್ಲಿದೆ?

2. ಲೈನ್ ಇಲ್ಲದಾಗ ಯಾವ ಕೆಲಸ ನಡೆಯುತ್ತದೆ, ಯಾವುದು ನಿಲ್ಲುತ್ತದೆ?

3. ನಾವು ಬಿಟ್ಟು ಹೋದರೆ ಮಾಹಿತಿಯನ್ನು ಯಾವ ರೂಪದಲ್ಲಿ, ಎಷ್ಟು ದಿನದೊಳಗೆ, ಎಷ್ಟು ಶುಲ್ಕಕ್ಕೆ ಮರಳಿಸುತ್ತೀರಿ?

4. ದಾಳಿ ನಡೆದರೆ ನಮಗೆ ಎಷ್ಟು ಹೊತ್ತಿನೊಳಗೆ ತಿಳಿಸುತ್ತೀರಿ? (ಇಂತಹ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರಲ್ಲೇ ಆದೇಶಿಸಿದೆ.)

5. ಮರಳಿ ಪಡೆಯುವ ಪರೀಕ್ಷೆಯನ್ನು ನಮ್ಮ ಎದುರೇ ಒಮ್ಮೆ ಮಾಡಿ ತೋರಿಸುತ್ತೀರಾ?

ಐದನೆಯದೇ ಎಲ್ಲಕ್ಕಿಂತ ದೊಡ್ಡದು. ಪ್ರತಿ ಇದೆ ಎಂಬ ಮಾತಿಗೂ, ಆ ಪ್ರತಿಯಿಂದ ಲೆಕ್ಕ ಮತ್ತೆ ತೆರೆಯುತ್ತದೆ ಎಂಬುದಕ್ಕೂ ಬಹಳ ಅಂತರವಿದೆ. ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮೊದಲೊಮ್ಮೆ ಮತ್ತು ಮಾರ್ಚ್ ಲೆಕ್ಕ ಮುಗಿದ ಮೇಲೊಮ್ಮೆ, ಈ ಪರೀಕ್ಷೆ ನಡೆಯಬೇಕು.

ಒಬ್ಬೊಬ್ಬರೇ ಕೇಳಿದರೆ ಕಂಪೆನಿಗಳು ಕಿವಿಗೊಡಲಿಕ್ಕಿಲ್ಲ. ಎರಡು ರಾಜ್ಯಗಳ ಅಡಿಕೆ ಬೆಳೆಗಾರರು 1973ರಲ್ಲಿ ಸೇರಿ ಕ್ಯಾಂಪ್ಕೊ ಕಟ್ಟಿದ ನಾಡು ಇದು. ಒಟ್ಟಾಗಿ ಚೌಕಾಸಿ ಮಾಡುವುದು ಇಲ್ಲಿಯವರಿಗೆ ಹೊಸದಲ್ಲ. ವ್ಯಾಪಾರಿ ಸಂಘಟನೆಗಳು ಮತ್ತು ನೆರೆಹೊರೆಯ ಸಹಕಾರಿ ಸಂಘಗಳು ಸೇರಿ ಇದೇ ಐದು ಪ್ರಶ್ನೆಗಳನ್ನು ಕೇಳಿದರೆ ಉತ್ತರ ಬರುತ್ತದೆ. ಉತ್ತರ ಕೊಡದ ಕಂಪೆನಿಗೆ, ಚಂದಾ ಎಷ್ಟೇ ಅಗ್ಗವಾಗಿರಲಿ, ಸದಸ್ಯರ ಲೆಡ್ಜರ್ ಕೊಡದಿರುವುದೇ ಲೇಸು.